ನಗರದ ಹಿಂಸೆ ತಗ್ಗಿಸಲು ಹಣ ಎಲ್ಲಿ ಹಾಕಬೇಕು? ಸಮುದಾಯ ಕಾರ್ಯಕ್ರಮಗಳ ಒಂದು ಹೋಲಿಕೆ

ಕೊಲೆ, ಇರಿತ, ಗುಂಡಿನ ದಾಳಿ ಹೆಚ್ಚಾದ ನಗರದಲ್ಲಿ ಎಲ್ಲರೂ ಮೊದಲು ಪೊಲೀಸರ ಕಡೆ ನೋಡುತ್ತಾರೆ. ಅದು ಸಹಜ. ಆದರೆ ಇವತ್ತು ರಾತ್ರಿ ಯಾರು ಯಾರ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟಿದ್ದಾರೆ ಎಂಬ ಸುದ್ದಿ ಠಾಣೆಗಿಂತ ಮೊದಲು ಬೀದಿಗೆ ಗೊತ್ತಾಗಿರುತ್ತದೆ. ಆ ಬೀದಿಯವರನ್ನೇ ನಂಬಿ ನಡೆಯುವ ಕಾರ್ಯಕ್ರಮಗಳು ಕಳೆದ ಮೂವತ್ತು ವರ್ಷಗಳಲ್ಲಿ ಹಲವು ದೇಶಗಳಲ್ಲಿ ಬೆಳೆದಿವೆ. ಕೆಲವು ಜೀವ ಉಳಿಸಿವೆ. ಕೆಲವು ಏನೂ ಮಾಡಲಿಲ್ಲ. ಒಂದೆರಡು ಕಡೆ ಪರಿಸ್ಥಿತಿ ಇನ್ನೂ ಕೆಟ್ಟಿತು. ಆದ್ದರಿಂದ ನಗರಪಾಲಿಕೆಯಾಗಲಿ, ದತ್ತಿ ಸಂಸ್ಥೆಯಾಗಲಿ, ಹಣ ಕೊಡುವ ಮೊದಲು ಇವುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು.

ಇಂಥ ಕೆಲಸಕ್ಕೆ ಹಣ ಹಾಕುವುದೇ ದಂಡ ಎಂದು ವಾದಿಸುವವರಿಗೆ ಒಂದು ಲೆಕ್ಕ ತೋರಿಸಬಹುದು. ಸಮಾಜಶಾಸ್ತ್ರಜ್ಞ ಪ್ಯಾಟ್ರಿಕ್ ಶಾರ್ಕಿ ಮತ್ತು ಸಂಗಡಿಗರು ಅಮೆರಿಕದ 264 ನಗರಗಳ ಎರಡು ದಶಕಗಳ ಮಾಹಿತಿಯನ್ನು ಜಾಲಾಡಿ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ಲಕ್ಷ ಜನಸಂಖ್ಯೆಗೆ ಹತ್ತು ಸಮುದಾಯ ಸಂಸ್ಥೆಗಳು ಹೆಚ್ಚಾದರೆ ಕೊಲೆಯ ಪ್ರಮಾಣ ಶೇ. 9ರಷ್ಟು, ಒಟ್ಟು ಹಿಂಸಾಪರಾಧ ಶೇ. 6ರಷ್ಟು ಇಳಿಯುತ್ತದೆ ಎಂದು ಅವರ ಅಂದಾಜು. ಸಣ್ಣ ಸಂಖ್ಯೆಯಂತೆ ಕಾಣಬಹುದು. ಪ್ರತಿವರ್ಷ ನೂರಾರು ಕೊಲೆ ಆಗುವ ನಗರದಲ್ಲಿ ಇದು ಸಣ್ಣದಲ್ಲ.

ಮೊದಲು ಹಿಂಸೆ ಎಲ್ಲಿದೆ ಎಂದು ನೋಡಿ

ಕಾರ್ಯಕ್ರಮ ಆರಿಸುವ ಅವಸರದಲ್ಲಿ ಹೆಚ್ಚಿನವರು ಈ ಹಂತವನ್ನು ದಾಟಿಬಿಡುತ್ತಾರೆ. ಹಿಂಸೆ ಇಡೀ ನಗರದಲ್ಲಿ ಸಮನಾಗಿ ಹರಡಿರುವುದಿಲ್ಲ. ಅಪರಾಧಶಾಸ್ತ್ರಜ್ಞ ಡೇವಿಡ್ ವೈಸ್‌ಬರ್ಡ್ ಸಿಯಾಟಲ್‌ನಲ್ಲಿ ಮಾಡಿದ ಅಧ್ಯಯನದಲ್ಲಿ, ದಾಖಲಾದ ಅಪರಾಧಗಳಲ್ಲಿ ಸುಮಾರು ಅರ್ಧ ಕೇವಲ ಶೇ. 5ರಷ್ಟು ಬೀದಿಗಳಲ್ಲಿ ನಡೆದಿದ್ದವು. ಜನರ ವಿಷಯವೂ ಹೀಗೆಯೇ. ಹಲವು ನಗರಗಳಲ್ಲಿ ಗುಂಡಿನ ದಾಳಿಗಳ ದೊಡ್ಡ ಪಾಲಿನ ಹಿಂದೆ ಜನಸಂಖ್ಯೆಯ ಶೇ. 1ಕ್ಕಿಂತ ಕಡಿಮೆ ಜನ ಇರುತ್ತಾರೆ. ಗುಂಡು ಹಾರಿಸುವವರೂ ಗುಂಡೇಟು ತಿನ್ನುವವರೂ ಬಹಳ ಸಲ ಅದೇ ಬಳಗದವರು.

ಹಾಗಾಗಿ ಮೂರು ವಿಷಯ ತಿಳಿಯಬೇಕು. ಜಗಳ ಯಾರ ನಡುವೆ? ಯಾವ ಜಾಗ, ಯಾವ ಹೊತ್ತು? ಕಾರಣ ಏನು, ಗುಂಪುಗಳ ಹಳೆಯ ದ್ವೇಷವಾ, ಮಾದಕವಸ್ತುವಿನ ವ್ಯಾಪಾರವಾ, ಕುಡಿದು ಹೊರಬಿದ್ದವರ ಹೊಡೆದಾಟವಾ, ಮನೆಯೊಳಗಿನ ದೌರ್ಜನ್ಯವಾ? ಈ ಕೊನೆಯದ್ದೇ ನಿಮ್ಮ ನಗರದ ದೊಡ್ಡ ಸಮಸ್ಯೆಯಾದರೆ ಮುಂದೆ ಹೇಳುವ ಬಹುತೇಕ ಆಯ್ಕೆಗಳು ನಿಮಗೆ ಹೊಂದುವುದಿಲ್ಲ. ಅವು ಬೀದಿಯ ಹಿಂಸೆಗಾಗಿ ಹುಟ್ಟಿದವು. ಮನೆಯೊಳಗೆ ಹೊಡೆತ ತಿನ್ನುವ ಹೆಂಗಸಿಗೆ ಬೇಕಾದದ್ದು ಸುರಕ್ಷಿತ ಆಶ್ರಯ, ವಕೀಲರ ನೆರವು, ಕೈಯಲ್ಲಿ ಒಂದಿಷ್ಟು ಹಣ. ಅದಕ್ಕೆ ಬೇರೆಯೇ ಬಜೆಟ್ ಇರಬೇಕು.

ಈ ಮಾಹಿತಿ ಪೊಲೀಸ್ ದಾಖಲೆಯಲ್ಲಿ ಪೂರ್ತಿ ಸಿಗುವುದಿಲ್ಲ. ವೇಲ್ಸ್‌ನ ಕಾರ್ಡಿಫ್‌ನಲ್ಲಿ ಜೊನಾಥನ್ ಶೆಪರ್ಡ್ ಎಂಬ ಶಸ್ತ್ರಚಿಕಿತ್ಸಕರು ಇದನ್ನು ಎತ್ತಿ ತೋರಿಸಿದರು. ಹೊಡೆತ ತಿಂದು ಆಸ್ಪತ್ರೆಗೆ ಬರುವ ಬಹಳಷ್ಟು ಜನ ಪೊಲೀಸರಿಗೆ ದೂರು ಕೊಡುವುದೇ ಇಲ್ಲ. ಹಾಗಾಗಿ ತುರ್ತು ಚಿಕಿತ್ಸಾ ವಿಭಾಗದ ಸಿಬ್ಬಂದಿ ಗಾಯಾಳುವಿನ ಹೆಸರು ಬಿಟ್ಟು ಜಾಗ, ಸಮಯ, ಆಯುಧ ಇಷ್ಟನ್ನು ಬರೆದುಕೊಂಡು ಪಾಲಿಕೆಗೂ ಪೊಲೀಸರಿಗೂ ಕೊಡತೊಡಗಿದರು. ಅದೇ ಬಗೆಯ ಬೇರೆ ನಗರಗಳ ಜೊತೆ ಹೋಲಿಸಿದಾಗ ಹಿಂಸೆಯಿಂದ ಆಸ್ಪತ್ರೆಗೆ ದಾಖಲಾಗುವವರ ಪ್ರಮಾಣ ಕಾರ್ಡಿಫ್‌ನಲ್ಲಿ ಶೇ. 42ರಷ್ಟು ಕಡಿಮೆಯಾಗಿತ್ತು ಎಂದು 2011ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಇಷ್ಟು ಕಡಿಮೆ ಖರ್ಚಿನ ಕೆಲಸ ಈ ಕ್ಷೇತ್ರದಲ್ಲಿ ಇನ್ನೊಂದು ನನಗೆ ಕಾಣುವುದಿಲ್ಲ. ಬೇರೆ ಯಾವುದಕ್ಕೆ ಹಣ ಕೊಟ್ಟರೂ ಬಿಟ್ಟರೂ ಇದಕ್ಕೆ ಕೊಡಿ.

ಬೀದಿಯ ಮಧ್ಯಸ್ಥರು

ಅತಿ ಹೆಚ್ಚು ಹೆಸರು ಮಾಡಿರುವ ಮಾದರಿ ಇದು. ಸಾಂಕ್ರಾಮಿಕ ರೋಗಗಳ ತಜ್ಞರಾದ ಡಾ. ಗ್ಯಾರಿ ಸ್ಲಟ್ಕಿನ್ 2000ನೇ ಇಸವಿಯಲ್ಲಿ ಷಿಕಾಗೋದ ಒಂದು ಬಡಾವಣೆಯಲ್ಲಿ ಸೀಸ್‌ಫೈರ್ ಎಂಬ ಹೆಸರಿನಲ್ಲಿ ಶುರು ಮಾಡಿದರು. ಈಗ ಅದರ ಹೆಸರು ಕ್ಯೂರ್ ವಯಲೆನ್ಸ್. ಹಿಂಸೆ ಒಬ್ಬರಿಂದ ಒಬ್ಬರಿಗೆ ಅಂಟುತ್ತಾ ಹೋಗುತ್ತದೆ, ಆದ್ದರಿಂದ ರೋಗ ತಡೆದ ಹಾಗೆ ಹರಡುವ ಜಾಗದಲ್ಲೇ ತಡೆಯಬೇಕು ಎಂಬುದು ಅವರ ವಾದ. ತಡೆಯುವವರು ಯಾರು? ಅದೇ ಬೀದಿಯಲ್ಲಿ ಬೆಳೆದವರು. ಎಷ್ಟೋ ಸಲ ಹಿಂದೆ ಗ್ಯಾಂಗಿನಲ್ಲಿದ್ದು, ಜೈಲು ಕಂಡು ಬಂದವರು. ಅವರ ಮಾತನ್ನು ಹುಡುಗರು ಕೇಳುತ್ತಾರೆ. ಬೇರೆ ಯಾರ ಮಾತನ್ನೂ ಕೇಳದ ಹೊತ್ತಿನಲ್ಲೂ ಕೇಳುತ್ತಾರೆ.

ಫಲಿತಾಂಶ ಮಾತ್ರ ಊರಿಂದ ಊರಿಗೆ ಬೇರೆ. ನ್ಯೂಯಾರ್ಕ್‌ನ ಸೌತ್ ಬ್ರಾಂಕ್ಸ್ ಮತ್ತು ಈಸ್ಟ್ ನ್ಯೂಯಾರ್ಕ್ ಪ್ರದೇಶಗಳಲ್ಲಿ ಗುಂಡೇಟಿನ ಗಾಯಗಳು ಕ್ರಮವಾಗಿ ಶೇ. 37 ಮತ್ತು ಶೇ. 50ರಷ್ಟು ಇಳಿದವು ಎಂದು ಜಾನ್ ಜೇ ಕಾಲೇಜಿನ ಸಂಶೋಧಕರು 2017ರಲ್ಲಿ ವರದಿ ಮಾಡಿದರು. ಬಾಲ್ಟಿಮೋರ್‌ನಲ್ಲಿ ಕೆಲವು ಬಡಾವಣೆಗಳಲ್ಲಿ ಕೆಲಸ ಮಾಡಿತು, ಕೆಲವುಗಳಲ್ಲಿ ಮಾಡಲಿಲ್ಲ. ಇದೇ ಜಾತಿಯ ಒಂದು ಕಾರ್ಯಕ್ರಮ ಪಿಟ್ಸ್‌ಬರ್ಗ್‌ನಲ್ಲಿ ನಡೆದಾಗ ಕೊಲೆಗಳು ಇಳಿಯಲಿಲ್ಲ, ಬಂದೂಕಿನ ಹಲ್ಲೆಗಳು ಹೆಚ್ಚಾದವು ಎಂದು ಮೌಲ್ಯಮಾಪನ ಹೇಳಿತು.

ಇಷ್ಟು ವ್ಯತ್ಯಾಸ ಯಾಕೆ? ಇಲ್ಲಿ ಕಾರ್ಯಕ್ರಮ ಅಂದರೆ ಮನುಷ್ಯರು. ಯಂತ್ರವಿಲ್ಲ, ಔಷಧಿಯಿಲ್ಲ. ಕೆಲಸಕ್ಕೆ ತೆಗೆದುಕೊಂಡವರಿಗೆ ನಿಜವಾಗಿ ಬೀದಿಯ ನಂಬಿಕೆ ಇದೆಯೇ, ಅವರ ಮೇಲ್ವಿಚಾರಣೆ ಹೇಗಿದೆ, ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆಯೇ, ಎಲ್ಲವೂ ಇದರ ಮೇಲೆ ನಿಂತಿದೆ. ಖರ್ಚು ಕಡಿಮೆ ಮಾಡುವ ಹುಮ್ಮಸ್ಸಿನಲ್ಲಿ ಸಂಬಳ ಕತ್ತರಿಸಿದರೆ ಅನುಭವಿಗಳು ಬಿಟ್ಟು ಹೋಗುತ್ತಾರೆ. ಅವರ ಜೊತೆ ಅವರು ಕಟ್ಟಿದ ಸಂಬಂಧಗಳೂ ಹೋಗುತ್ತವೆ. ಹೊಸಬರನ್ನು ಮೂರು ವಾರ ತರಬೇತಿ ಕೊಟ್ಟು ಬೀದಿಗೆ ಬಿಟ್ಟರೆ ಆ ಸಂಬಂಧ ಬರುವುದಿಲ್ಲ.

ಇನ್ನೊಂದು ವಿಷಯವನ್ನು ಹಣ ಕೊಡುವವರು ಗಟ್ಟಿಯಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಇದು ಜೀವಕ್ಕೆ ಅಪಾಯವಿರುವ ಕೆಲಸ. ಇದೇ ಮಾದರಿಯಲ್ಲಿ ನಡೆಯುವ ಬಾಲ್ಟಿಮೋರ್‌ನ ಸೇಫ್ ಸ್ಟ್ರೀಟ್ಸ್ ಕಾರ್ಯಕ್ರಮದ ಮೂವರು ಕಾರ್ಯಕರ್ತರು 2021ರ ಆರಂಭದಿಂದ 2022ರ ಆರಂಭದೊಳಗೆ ಗುಂಡಿಗೆ ಬಲಿಯಾದರು. ಆದ್ದರಿಂದ ಜೀವವಿಮೆ, ಆರೋಗ್ಯವಿಮೆ, ಸತ್ತವರನ್ನು ದಿನವೂ ನೋಡುವವರಿಗೆ ಮನಸ್ಸಿನ ಆರೈಕೆ, ರಜೆ, ಇವೆಲ್ಲ ಬಜೆಟ್‌ನ ಮೊದಲ ಸಾಲುಗಳಲ್ಲಿ ಇರಬೇಕು. ಪ್ರಸ್ತಾವನೆಯಲ್ಲಿ ಇವು ಇಲ್ಲದಿದ್ದರೆ ಸಂಸ್ಥೆಯನ್ನು ತಿರಸ್ಕರಿಸಬೇಡಿ, ಸೇರಿಸಿ ಕೊಡಿ ಎಂದು ಕೇಳಿ. ಕೇಳಿದರೆ ಹಣ ಸಿಗುವುದಿಲ್ಲ ಎಂದು ಹೆದರಿ ಬಿಟ್ಟಿರುತ್ತಾರೆ, ಅಷ್ಟೇ.

ಎಚ್ಚರಿಕೆಯೂ ನೆರವೂ ಒಟ್ಟಿಗೆ

ಎರಡನೆಯ ದಾರಿ 1990ರ ದಶಕದ ಬಾಸ್ಟನ್‌ನದು. ಅಲ್ಲಿ ಆಪರೇಷನ್ ಸೀಸ್‌ಫೈರ್ 1996ರಲ್ಲಿ ಶುರುವಾಯಿತು. ಷಿಕಾಗೋದ ಸೀಸ್‌ಫೈರ್ ಬೇರೆ, ಇದು ಬೇರೆ. ಎರಡನ್ನೂ ಕಲಸಿ ಮಾತಾಡುವುದು ಬಹಳ ಕಡೆ ಕಾಣುತ್ತದೆ. ಇಲ್ಲಿ ಪೊಲೀಸರು, ಸಮುದಾಯದ ಹಿರಿಯರು, ನೆರವು ಸಂಸ್ಥೆಗಳು ಮೂವರೂ ಸೇರಿ ಹಿಂಸೆಯಲ್ಲಿ ತೊಡಗಿದ ಗುಂಪುಗಳನ್ನು ಕರೆಸಿ ಮುಖಾಮುಖಿ ಮಾತಾಡುತ್ತಾರೆ. ನೀವು ಬದುಕಿರಬೇಕು ಎಂಬುದು ನಮ್ಮ ಆಸೆ, ಕೆಲಸ, ಚಿಕಿತ್ಸೆ, ಮನೆ ಏನು ಬೇಕೋ ಕೇಳಿ. ಆದರೆ ಇನ್ನೊಂದು ಗುಂಡು ಹಾರಿದರೆ ಇಡೀ ಗುಂಪಿನ ಮೇಲೆ ಕಾನೂನಿನ ಭಾರ ಬೀಳುತ್ತದೆ. ಹೇಳುವುದು ಇಷ್ಟೇ.

ಬಾಸ್ಟನ್‌ನಲ್ಲಿ ಯುವಕರ ಕೊಲೆಗಳ ತಿಂಗಳ ಸರಾಸರಿ ಶೇ. 63ರಷ್ಟು ಇಳಿಯಿತು. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ 2012ರಿಂದ ನಡೆದ ಇಂಥದೇ ಪ್ರಯತ್ನದಿಂದ ಬಂದೂಕಿನ ಕೊಲೆಗಳು ಶೇ. 31ರಷ್ಟು ತಗ್ಗಿದವು ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ಕೂಡ ತನ್ನ ಚಾಕು ಇರಿತಗಳ ಸಮಸ್ಯೆಗೆ ಇದೇ ಮಾದರಿಯನ್ನು 2008ರಲ್ಲಿ ತಂದುಕೊಂಡಿತು. ಅದಕ್ಕೂ ಮೊದಲು, 2005ರಲ್ಲೇ, ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ವಿಷಯ ಎಂದು ನೋಡುವ ಪ್ರತ್ಯೇಕ ಘಟಕವನ್ನು ಪೊಲೀಸರೇ ಅಲ್ಲಿ ಕಟ್ಟಿದ್ದರು.

ನಗರದ ಹಿಂಸೆ ಕೆಲವೇ ಗುಂಪುಗಳ ನಡುವಿನದಾದರೆ, ಬೇಗ ಫಲ ಕಾಣಬೇಕಾದರೆ, ಪುರಾವೆ ಅತಿ ಗಟ್ಟಿಯಾಗಿರುವುದು ಈ ದಾರಿಗೆ. ಆದರೂ ಇದಕ್ಕೆ ಒಂದು ಷರತ್ತು ಇದೆ. ಬಡಾವಣೆಯ ಜನ ಪೊಲೀಸರನ್ನು ಸ್ವಲ್ಪವಾದರೂ ನಂಬಬೇಕು. ಪೊಲೀಸರು ಮನಸೋ ಇಚ್ಛೆ ಹುಡುಗರನ್ನು ಎಳೆದೊಯ್ಯುವ ಊರಿನಲ್ಲಿ ಎಚ್ಚರಿಕೆ ಮಾತ್ರ ನಿಜವಾಗುತ್ತದೆ, ನೆರವು ಬರೀ ಮಾತಾಗುತ್ತದೆ. ಅಂಥ ಕಡೆ ಹಣವನ್ನು ಬೀದಿಯ ಮಧ್ಯಸ್ಥರಿಗೆ ಕೊಡುವುದೇ ಸರಿ. ಯಾಕೆಂದರೆ ಮಧ್ಯಸ್ಥರು ಪೊಲೀಸರಿಗೆ ಮಾಹಿತಿ ಕೊಡುವುದಿಲ್ಲ ಎಂಬುದರ ಮೇಲೆಯೇ ಬೀದಿಯವರು ಅವರಲ್ಲಿಟ್ಟ ನಂಬಿಕೆ ನಿಂತಿರುತ್ತದೆ. ಇಬ್ಬರನ್ನೂ ಒಂದೇ ಕಚೇರಿಯಲ್ಲಿ ಕೂರಿಸುವ ಯೋಜನೆ ಯಾರಾದರೂ ತಂದರೆ ಒಪ್ಪಬೇಡಿ.

ಇದರ ದೊಡ್ಡ ಕಷ್ಟ, ಉಳಿಸಿಕೊಳ್ಳುವುದು. ಬಾಸ್ಟನ್‌ನಲ್ಲಿ 2000ದ ಹೊತ್ತಿಗೆ ಮುಖ್ಯ ಅಧಿಕಾರಿಗಳು ಬದಲಾದರು, ಕಾರ್ಯಕ್ರಮ ಕರಗಿತು, ಮುಂದಿನ ವರ್ಷಗಳಲ್ಲಿ ಯುವಕರ ಕೊಲೆಗಳು ಮತ್ತೆ ಏರಿದವು. ಓಕ್‌ಲ್ಯಾಂಡ್‌ನಲ್ಲೂ ಅದೇ ಕಥೆ. ನಗರ ಮೂಲ ವಿಧಾನದಿಂದ ದೂರ ಸರಿದಿದೆ ಎಂದು 2024ರ ಆರಂಭದಲ್ಲಿ ಬಂದ ಪರಿಶೀಲನಾ ವರದಿ ಹೇಳಿತು. ಹೆಸರು ಉಳಿದಿತ್ತು, ಕೆಲಸ ಸಡಿಲವಾಗಿತ್ತು.

ಮನಸ್ಸಿಗೆ ತರಬೇತಿ, ಕೈಗೆ ಕೆಲಸ

ಗುಂಡು ಹಾರುವ ಕ್ಷಣ ಬಹಳ ಚಿಕ್ಕದು. ಒಂದು ಮಾತು, ಒಂದು ನೋಟ, ಅವಮಾನವಾಯಿತು ಎಂಬ ಭಾವನೆ. ಆ ಕ್ಷಣದಲ್ಲಿ ಒಂದು ಉಸಿರು ತಡೆದು ಯೋಚಿಸುವುದನ್ನು ಕಲಿಸಬಹುದೇ? ಕಲಿಸಬಹುದು ಅನ್ನುತ್ತವೆ ಕೆಲವು ಗಟ್ಟಿ ಪ್ರಯೋಗಗಳು. ಷಿಕಾಗೋದ ಶಾಲೆಗಳಲ್ಲಿ ಹುಡುಗರಿಗಾಗಿ ನಡೆಯುವ ಬಿಕಮಿಂಗ್ ಎ ಮ್ಯಾನ್ ಕಾರ್ಯಕ್ರಮದಲ್ಲಿ, ಲಾಟರಿ ಎತ್ತಿ ಆಯ್ದವರನ್ನು ಉಳಿದವರ ಜೊತೆ ಹೋಲಿಸಿದಾಗ, ಹಿಂಸಾಪರಾಧದ ಬಂಧನಗಳು ಕಾರ್ಯಕ್ರಮದ ಅವಧಿಯಲ್ಲಿ ಶೇ. 45ರಿಂದ 50ರಷ್ಟು ಕಡಿಮೆ ಇದ್ದವು. ಶಾಲೆ ಮುಗಿಸುವವರ ಪ್ರಮಾಣವೂ ಏರಿತು. ಆದರೆ ಕಾರ್ಯಕ್ರಮ ನಿಂತ ಮೇಲೆ ಬಂಧನಗಳ ಮೇಲಿನ ಪರಿಣಾಮ ಮಾಸಿತು.

ಲೈಬೀರಿಯಾದ ರಾಜಧಾನಿ ಮನ್ರೋವಿಯಾದ ಪ್ರಯೋಗ ಇದಕ್ಕಿಂತಲೂ ಕುತೂಹಲದ್ದು. ಕಳ್ಳತನ, ಮಾದಕವಸ್ತು, ಹೊಡೆದಾಟದಲ್ಲಿ ಮುಳುಗಿದ್ದ 999 ಗಂಡಸರನ್ನು ನಾಲ್ಕು ಪಾಲು ಮಾಡಿದರು. ಕೆಲವರಿಗೆ ಎಂಟು ವಾರ ಮನಸ್ಸಿನ ತರಬೇತಿ, ಕೆಲವರಿಗೆ 200 ಡಾಲರ್ ನಗದು, ಕೆಲವರಿಗೆ ಎರಡೂ, ಕೆಲವರಿಗೆ ಏನೂ ಇಲ್ಲ. ಎರಡೂ ಸಿಕ್ಕವರಲ್ಲಿ ಮಾತ್ರ ಬದಲಾವಣೆ ಗಟ್ಟಿಯಾಗಿ ಉಳಿಯಿತು, ಹತ್ತು ವರ್ಷದ ನಂತರವೂ ಉಳಿದಿತ್ತು. ಬರೀ ನಗದು ಸಿಕ್ಕವರ ಪರಿಣಾಮ ಬೇಗ ಕರಗಿತು. ನನಗನಿಸುವುದು, ಹೊಸ ಬದುಕು ಹೇಗಿರುತ್ತದೆ ಎಂದು ಕಲಿತವನಿಗೆ ಕೆಲವು ತಿಂಗಳಾದರೂ ಅದನ್ನು ಬದುಕಿ ನೋಡಲು ಕೈಯಲ್ಲಿ ಕಾಸು ಬೇಕು. ಬರೀ ಉಪದೇಶ ಕೊಡುವ ಪ್ರಸ್ತಾವನೆ ಬಂದಾಗ ಈ ಪ್ರಯೋಗ ನೆನಪಿರಲಿ.

ಬೇಸಿಗೆ ಉದ್ಯೋಗದ ಫಲಿತಾಂಶವೂ ಹಲವರಿಗೆ ಅಚ್ಚರಿ ತಂದಿತು. ಷಿಕಾಗೋದಲ್ಲಿ 2012ರಲ್ಲಿ ಹಿಂಸೆ ಜಾಸ್ತಿ ಇರುವ ಬಡಾವಣೆಗಳ ಶಾಲೆಗಳಿಂದ 1,634 ಹದಿಹರೆಯದವರನ್ನು ತೆಗೆದುಕೊಂಡು, ಒಂದು ಪಾಲಿಗೆ ಎಂಟು ವಾರದ ಸಂಬಳದ ಕೆಲಸ ಕೊಟ್ಟರು. ಮುಂದಿನ 16 ತಿಂಗಳಲ್ಲಿ ಅವರ ಹಿಂಸಾಪರಾಧದ ಬಂಧನಗಳು ಶೇ. 43ರಷ್ಟು ಕಡಿಮೆಯಾದವು ಎಂದು ಸಂಶೋಧಕಿ ಸಾರಾ ಹೆಲ್ಲರ್ 2014ರಲ್ಲಿ ಪ್ರಕಟಿಸಿದರು. ಇಳಿಕೆಯ ಹೆಚ್ಚಿನ ಪಾಲು ಕೆಲಸ ಮುಗಿದ ಮೇಲೆ ಕಂಡದ್ದು. ಅಂದರೆ ಹುಡುಗರನ್ನು ಸುಮ್ನೆ ಬೀದಿಯಿಂದ ದೂರ ಇಟ್ಟದ್ದಷ್ಟೇ ಕಾರಣವಲ್ಲ, ಅಲ್ವಾ? ಸಣ್ಣ ಹಣಕ್ಕೆ, ಸಣ್ಣ ಅವಧಿಗೆ ಇಷ್ಟು ಫಲ ಕೊಟ್ಟ ಕಾರ್ಯಕ್ರಮ ಕಡಿಮೆ. ಪಾಲಿಕೆಯ ಆಡಳಿತಕ್ಕೂ ಇದನ್ನು ನಡೆಸುವುದು ಸುಲಭ.

ಆದರೆ ಈ ಹುಡುಗರು ಇನ್ನೂ ಶಾಲೆಯಲ್ಲಿದ್ದವರು. ಈಗಾಗಲೇ ಗುಂಡೇಟಿನ ಲೋಕದಲ್ಲಿ ಇರುವ ಇಪ್ಪತ್ತು, ಇಪ್ಪತ್ತೈದು ವಯಸ್ಸಿನವರ ಕಥೆ ಬೇರೆ. ಅವರಿಗಾಗಿ ಅದೇ ಷಿಕಾಗೋದಲ್ಲಿ ರೆಡಿ ಎಂಬ ಕಾರ್ಯಕ್ರಮ 18 ತಿಂಗಳು ಸಂಬಳದ ಕೆಲಸ, ಮನಸ್ಸಿನ ತರಬೇತಿ ಎರಡನ್ನೂ ಕೊಟ್ಟಿತು. ಎಲ್ಲ ಬಗೆಯ ಗಂಭೀರ ಹಿಂಸೆಯನ್ನು ಕೂಡಿಸಿ ನೋಡಿದಾಗ ಸ್ಪಷ್ಟ ಇಳಿಕೆ ಕಾಣಲಿಲ್ಲ. ಗುಂಡಿನ ದಾಳಿ ಮತ್ತು ಕೊಲೆಯ ಬಂಧನಗಳನ್ನಷ್ಟೇ ನೋಡಿದರೆ ದೊಡ್ಡ ಇಳಿಕೆ ಇತ್ತು. ಅದರಲ್ಲೂ ಗಣಕದ ಲೆಕ್ಕದಿಂದ ಆಯ್ದವರಿಗಿಂತ ಬೀದಿ ಕಾರ್ಯಕರ್ತರು ಗುರುತಿಸಿ ಕಳಿಸಿದವರಲ್ಲಿ ಫಲ ಎದ್ದು ಕಂಡಿತು. ಯಾರಿಗೆ ಅಪಾಯ ಹೆಚ್ಚು ಎಂಬುದನ್ನು ಗಣಕಕ್ಕಿಂತ ಆ ಕಾರ್ಯಕರ್ತರ ಕಣ್ಣು ಬೇರೆ ರೀತಿಯಲ್ಲಿ ಹಿಡಿಯುತ್ತದೆ. ಹಾಗಾಗಿ ದುಬಾರಿ ಕಾರ್ಯಕ್ರಮ ತರುವುದಾದರೆ ಅದರ ಬಾಗಿಲಲ್ಲಿ ಬೀದಿಯ ಮಧ್ಯಸ್ಥರು ಇರಲೇಬೇಕು. ಇವು ಒಂದಕ್ಕೊಂದು ಪೈಪೋಟಿಯಲ್ಲ, ಜೋಡಿ.

ಜಾಗವನ್ನು ಸರಿಮಾಡುವುದು

ಮನುಷ್ಯರನ್ನು ಮುಟ್ಟದೆಯೂ ಹಿಂಸೆ ತಗ್ಗಿಸಬಹುದು. ಫಿಲಡೆಲ್ಫಿಯಾದಲ್ಲಿ 541 ಖಾಲಿ ನಿವೇಶನಗಳನ್ನು ಲಾಟರಿಯಲ್ಲಿ ಪಾಲು ಮಾಡಿ, ಕೆಲವನ್ನು ಕಸ ತೆಗೆದು ಹುಲ್ಲು, ಗಿಡ ಹಾಕಿ ಗಿಡ್ಡ ಬೇಲಿ ಕಟ್ಟಿದರು. ಬಡ ಬಡಾವಣೆಗಳಲ್ಲಿ ಅವುಗಳ ಸುತ್ತ ಬಂದೂಕಿನ ಹಿಂಸೆ ಶೇ. 29ರಷ್ಟು ತಗ್ಗಿತು ಎಂದು 2018ರ ಅಧ್ಯಯನ ಹೇಳಿತು. ನ್ಯೂಯಾರ್ಕ್‌ನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ 2016ರಲ್ಲಿ ಪ್ರಖರ ದೀಪಗಳನ್ನು ಹಾಕಿದಾಗ ರಾತ್ರಿ ಹೊರಗೆ ನಡೆಯುವ ಗಂಭೀರ ಅಪರಾಧಗಳು ಸುಮಾರು ಶೇ. 36ರಷ್ಟು ಇಳಿದವು.

ಈ ಆಯ್ಕೆಯ ಗುಣ ಅಂದರೆ ಯಾರಿಗೂ ಹಾನಿಯಿಲ್ಲ, ಯಾರ ಜೀವವೂ ಪಣಕ್ಕಿಲ್ಲ, ರಾಜಕೀಯ ವಿರೋಧವೂ ಕಡಿಮೆ. ಹುಲ್ಲು ಕತ್ತರಿಸುವ, ದೀಪ ಕೆಟ್ಟರೆ ಬದಲಿಸುವ ಖರ್ಚನ್ನು ಪ್ರತಿವರ್ಷ ಇಡಬೇಕು, ಅದನ್ನೇ ಮರೆಯುತ್ತಾರೆ. ಆ ಕೆಲಸವನ್ನು ಅದೇ ಬಡಾವಣೆಯ ಯುವಕರಿಗೆ ಕೊಟ್ಟರೆ ಒಂದೇ ಹಣದಲ್ಲಿ ಎರಡು ಕೆಲಸ. ಎರಡು ಗುಂಪುಗಳ ಹಳೆಯ ವೈರ ಮಾತ್ರ ದೀಪದಿಂದ ಹೋಗುವುದಿಲ್ಲ.

ಆಸ್ಪತ್ರೆಯ ಹಾಸಿಗೆ ಪಕ್ಕ

ಗಾಯಗೊಂಡು ಮಲಗಿದವನ ಬಳಿಗೆ, ಸೇಡಿನ ಮಾತು ಹುಟ್ಟುವ ಮೊದಲೇ ಒಬ್ಬ ಕಾರ್ಯಕರ್ತ ಹೋಗಿ ಕೂರುವುದು ಇಲ್ಲಿನ ಕ್ರಮ. ಓಕ್‌ಲ್ಯಾಂಡ್‌ನಲ್ಲಿ 1994ರಲ್ಲಿ ಶುರುವಾದ ಪ್ರಯತ್ನ ಇದಕ್ಕೆ ದಾರಿ ಹಾಕಿತು. ಅಧ್ಯಯನಗಳು ಸಣ್ಣವು, ಪುರಾವೆ ಇನ್ನೂ ಎಳೆಯದು. ಆದರೂ ಗಾಯಾಳುಗಳೆಲ್ಲ ಒಂದೆರಡು ದೊಡ್ಡ ಆಸ್ಪತ್ರೆಗೇ ಬರುವ ನಗರದಲ್ಲಿ ಇದಕ್ಕೆ ಒಬ್ಬಿಬ್ಬರ ಸಂಬಳ ಸಾಕು. ಮೊದಲು ಹೇಳಿದ ಮಧ್ಯಸ್ಥರ ತಂಡಕ್ಕೇ ಈ ಹೊಣೆ ಸೇರಿಸಿದರೆ ಇನ್ನೂ ಒಳ್ಳೆಯದು.

ಯಾವುದಕ್ಕೆ ಹಣ ಕೊಡಬಾರದು

ಹುಡುಗರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಗದರಿಸಿ ಹೆದರಿಸುವ ಸ್ಕೇರ್ಡ್ ಸ್ಟ್ರೇಟ್ ಮಾದರಿಯ ಕಾರ್ಯಕ್ರಮಗಳನ್ನು ಹಲವು ಪ್ರಯೋಗಗಳಲ್ಲಿ ಅಳೆದು ನೋಡಿದ್ದಾರೆ. ಏನೂ ಮಾಡದೆ ಬಿಟ್ಟವರಿಗಿಂತ ಅಲ್ಲಿಗೆ ಹೋಗಿ ಬಂದವರೇ ಹೆಚ್ಚು ಅಪರಾಧ ಮಾಡಿದರು. ಒಳ್ಳೆಯ ಮನಸ್ಸಿನಿಂದ ಮಾಡಿದ್ದೂ ಕೆಡಬಹುದು. ಅಮೆರಿಕದ ಕೇಂಬ್ರಿಜ್ ಮತ್ತು ಸೋಮರ್‌ವಿಲ್‌ನಲ್ಲಿ 1939ರಿಂದ 1945ರವರೆಗೆ ಹುಡುಗರಿಗೆ ಮಾರ್ಗದರ್ಶಕರು, ಪಾಠ, ಬೇಸಿಗೆ ಶಿಬಿರ ಎಲ್ಲ ಒದಗಿಸಿದ್ದರು. ಅಪರಾಧಶಾಸ್ತ್ರಜ್ಞೆ ಜೋನ್ ಮೆಕಾರ್ಡ್ ದಶಕಗಳ ನಂತರ ಅವರನ್ನು ಹುಡುಕಿ ಹೋಲಿಸಿದಾಗ, ನೆರವು ಪಡೆದವರ ಬದುಕೇ ಕೆಲವು ವಿಷಯಗಳಲ್ಲಿ ಕೆಟ್ಟದಾಗಿತ್ತು. ಆದ್ದರಿಂದ ಒಳ್ಳೆಯ ಉದ್ದೇಶ ಇದೆ ಎಂಬ ಒಂದೇ ಕಾರಣಕ್ಕೆ ಹಣ ಕೊಡಬೇಡಿ. ಒಂದು ದಿನದ ಜಾಥಾ, ಫಲಕ, ಪ್ರತಿಜ್ಞೆ ಬೋಧನೆಗೆ ಈ ಬಜೆಟ್‌ನಿಂದ ಒಂದು ಕಾಸೂ ಬೇಡ.

ಹಣದ ಮೂಲ, ಹಣದ ಅವಧಿ

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಆಯ್ಕೆ ಇದು. ಯಾವ ಮಾದರಿ ಎಂಬುದಕ್ಕಿಂತ ಎಷ್ಟು ವರ್ಷ ಎಂಬುದೇ ಮುಖ್ಯ. ಒಂದು ವರ್ಷದ ಅನುದಾನದಲ್ಲಿ ಮೊದಲ ಮೂರ್ನಾಲ್ಕು ತಿಂಗಳು ಜನರನ್ನು ಆರಿಸುವುದರಲ್ಲಿ ಹೋಗುತ್ತದೆ. ಕೊನೆಯ ಮೂರು ತಿಂಗಳು ಮುಂದೇನು ಎಂಬ ಆತಂಕದಲ್ಲಿ ಹೋಗುತ್ತದೆ. ನಡುವೆ ಉಳಿದದ್ದು ಎಷ್ಟು?

ಕೇಂದ್ರ ಸರ್ಕಾರದ ಅನುದಾನ ದೊಡ್ಡದು, ಆದರೆ ಅದನ್ನು ನೆಚ್ಚಿ ಕೂರಲಾಗದು. ಅಮೆರಿಕದಲ್ಲಿ 2021ರ ಕೋವಿಡ್ ಪರಿಹಾರ ನಿಧಿಯಿಂದ ಹಲವು ನಗರಗಳು ಇಂಥ ಕಾರ್ಯಕ್ರಮಗಳನ್ನು ಶುರು ಮಾಡಿದವು. ಅದು ಒಮ್ಮೆ ಬಂದು ಮುಗಿಯುವ ಹಣ. 2022ರ ಕಾನೂನೊಂದು ಇಂಥ ಕಾರ್ಯಕ್ರಮಗಳಿಗೆಂದು ಐದು ವರ್ಷಕ್ಕೆ 25 ಕೋಟಿ ಡಾಲರ್ ಇಟ್ಟಿತು. 2025ರ ಏಪ್ರಿಲ್‌ನಲ್ಲಿ ಅಲ್ಲಿನ ನ್ಯಾಯ ಇಲಾಖೆ ನೂರಾರು ಅನುದಾನಗಳನ್ನು ಮಧ್ಯದಲ್ಲೇ ರದ್ದು ಮಾಡಿದಾಗ ಹಿಂಸೆ ತಡೆಯುವ ಸಂಸ್ಥೆಗಳೂ ಪೆಟ್ಟು ತಿಂದವು, ಕಾರ್ಯಕರ್ತರು ಕೆಲಸ ಕಳೆದುಕೊಂಡರು.

ನಗರದ್ದೇ ಮೀಸಲು ತೆರಿಗೆ ಇದಕ್ಕಿಂತ ಗಟ್ಟಿ. ಓಕ್‌ಲ್ಯಾಂಡ್ ಮತದಾರರು 2004ರಲ್ಲಿ, ಮತ್ತೆ 2014ರಲ್ಲಿ, ಆಸ್ತಿ ಮತ್ತು ಪಾರ್ಕಿಂಗ್ ಮೇಲಿನ ತೆರಿಗೆಯನ್ನು ಇದಕ್ಕಾಗಿ ಒಪ್ಪಿದರು. ಜನ ಮತ ಹಾಕಿ ಕೊಟ್ಟ ಹಣವನ್ನು ಒಂದು ಸಹಿಯಿಂದ ನಿಲ್ಲಿಸುವುದು ಕಷ್ಟ. ಮೂರನೆಯ ದಾರಿ ಬ್ರಿಟನ್ನಿನದು. ಯುವಜನರ ಹಿಂಸೆ ತಡೆಯಲೆಂದೇ 2019ರಲ್ಲಿ ಸರ್ಕಾರ 20 ಕೋಟಿ ಪೌಂಡನ್ನು ಯೂತ್ ಎಂಡೋಮೆಂಟ್ ಫಂಡ್ ಎಂಬ ನಿಧಿಗೆ ಹತ್ತು ವರ್ಷದ ಲೆಕ್ಕದಲ್ಲಿ ಒಟ್ಟಿಗೆ ಕೊಟ್ಟಿತು. ಸರ್ಕಾರ ಬದಲಾದರೂ ನಿಧಿ ನಡೆಯುತ್ತದೆ, ಪ್ರತಿ ಕಾರ್ಯಕ್ರಮವನ್ನು ಅಳೆಯುವುದಕ್ಕೂ ಹಣ ಇರುತ್ತದೆ. ಸಾಧ್ಯವಾದರೆ ಈ ದಾರಿಯೇ ನನ್ನ ಆಯ್ಕೆ. ಖಾಸಗಿ ದತ್ತಿ ಹಣ ಹೊಸದನ್ನು ಪರೀಕ್ಷಿಸಲು ಚೆನ್ನ, ಸಂಬಳ ಕೊಡುತ್ತಾ ಹೋಗಲು ಅಷ್ಟು ಚೆನ್ನಲ್ಲ.

ಹಾಗಾದರೆ ಹಂಚುವುದು ಹೇಗೆ? ಕೈಯಲ್ಲಿ ಒಂದೇ ವರ್ಷದ ಹಣ ಇದ್ದರೆ ಬೀದಿಯ ಮಧ್ಯಸ್ಥರ ತಂಡ ಕಟ್ಟಲು ಹೋಗಬೇಡಿ. ನಂಬಿಸಿ ಕೈಬಿಟ್ಟರೆ ಮುಂದಿನವರಿಗೂ ಆ ಬೀದಿಯಲ್ಲಿ ಜಾಗ ಸಿಗುವುದಿಲ್ಲ. ಆ ಹಣವನ್ನು ಆಸ್ಪತ್ರೆಯ ಮಾಹಿತಿ ವ್ಯವಸ್ಥೆ, ದೀಪ, ಖಾಲಿ ಜಾಗ, ಬೇಸಿಗೆ ಉದ್ಯೋಗಕ್ಕೆ ಹಾಕಿ. ಐದು ವರ್ಷದ ಭರವಸೆ ಕೊಡಬಲ್ಲಿರಾದರೆ ಮಧ್ಯಸ್ಥರು, ಅವರ ಜೊತೆ ಮನಸ್ಸಿನ ತರಬೇತಿ ಮತ್ತು ಸಂಬಳದ ಕೆಲಸ. ಪೊಲೀಸರ ಮೇಲೆ ಜನರಿಗೆ ನಂಬಿಕೆ ಇದ್ದು, ಹಿಂಸೆ ಗುಂಪುಗಳದ್ದಾದರೆ ಬಾಸ್ಟನ್ ಮಾದರಿ. ನಗರದ ಎಲ್ಲ ಭಾಗಕ್ಕೂ ಸ್ವಲ್ಪ ಸ್ವಲ್ಪ ಹಂಚುವ ಒತ್ತಡ ಬಂದೇ ಬರುತ್ತದೆ. ಬೀಜವನ್ನು ಊರೆಲ್ಲ ಎರಚಿದರೆ ಎಲ್ಲೂ ಬೆಳೆ ಬರುವುದಿಲ್ಲ. ಅತಿ ಹೆಚ್ಚು ಸಾವಾಗುವ ಎರಡು ಮೂರು ಬಡಾವಣೆಗಳನ್ನು ಆರಿಸಿ, ಅಲ್ಲಿ ಪೂರ್ತಿ ಮಾಡಿ.

ಒಪ್ಪಂದದಲ್ಲಿ ಎರಡು ವಿಷಯ ಗಮನಿಸಿ. ಮೊದಲನೆಯದು ಅಳತೆ. ಎಷ್ಟು ಸಭೆ, ಎಷ್ಟು ಜನ ಬಂದರು ಎಂಬ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಗುಂಡೇಟು, ಇರಿತ, ಕೊಲೆ ಎಷ್ಟಾಯಿತು ಎಂದು ಎಣಿಸಿ, ಅದೇ ಬಗೆಯ ಇನ್ನೊಂದು ಬಡಾವಣೆ ಜೊತೆ ಹೋಲಿಸಿ. ಹಿಂಸೆ ಒಂದು ವರ್ಷ ಏರಿ ಇನ್ನೊಂದು ವರ್ಷ ತಾನಾಗಿ ಇಳಿಯುವುದುಂಟು, ಹೋಲಿಕೆ ಇಲ್ಲದೆ ಯಾರ ಶ್ರಮದ ಫಲ ಎಂದು ಹೇಳಲಾಗದು. ಹೊರಗಿನ ಸಂಶೋಧಕರಿಗೆ ಹಣವನ್ನು ಮೊದಲೇ ತೆಗೆದಿಡಿ.

ಎರಡನೆಯದು ಹಣ ತಲುಪುವ ರೀತಿ. ಮೊದಲು ಖರ್ಚು ಮಾಡಿ, ಬಿಲ್ ಕೊಡಿ, ಆಮೇಲೆ ಹಣ ಎಂಬ ಸರ್ಕಾರಿ ಕ್ರಮ ದೊಡ್ಡ ಸಂಸ್ಥೆಗಳಿಗೆ ನಡೆಯುತ್ತದೆ. ಬೀದಿಯಲ್ಲಿ ನಿಜವಾದ ನಂಬಿಕೆ ಇರುವ ಸಣ್ಣ ಸಂಸ್ಥೆಗೆ ಎರಡು ತಿಂಗಳ ಸಂಬಳದಷ್ಟು ಉಳಿತಾಯವೂ ಇರುವುದಿಲ್ಲ. ಅಂಥವರಿಗೆ ಮೂರು ತಿಂಗಳ ಹಣ ಮುಂಗಡ ಕೊಡಿ. ಲೆಕ್ಕಪತ್ರ ಬರೆಯಲು ಒಬ್ಬ ಲೆಕ್ಕಿಗನ ಸಂಬಳವನ್ನೂ ಅನುದಾನದಲ್ಲೇ ಸೇರಿಸಿ.